ಬದನೆಕಾಯಿ ರಾಗ

11-2-1998, ಬುಧವಾರ

ಕವಲಂದೆ ಪಶು ಆಸ್ಪತ್ರೆ. ಕಾಲುಬಾಯಿ ಜ್ವರದ ಲಸಿಕೆ, ನಲವತ್ತೆರಡು ದನ. ಚಿಕ್ಕಮಾದುವಿನ ಎಮ್ಮೆ ಕೋಡು ಬೀಸಿ ನನ್ನ ವಾಚಿನ ಗಾಜು ಒಡೆಯಿತು. ಐದೂಕಾಲರ ಬಸ್ಸು. ನರಸೀಪುರದ ಮನೆ ಸೇರುವಾಗ ಏಳು.

ಲೀಲಾವತಿಯ ಊಟದ ಪ್ರಾರ್ಥನೆ ಇವತ್ತು ಇನ್ನೂ ಉದ್ದ. ನಲ್ಲಿಯಲ್ಲಿ ನೀರು ಬಂದದ್ದಕ್ಕೆ ಸ್ತೋತ್ರ. ಪಕ್ಕದ ಮನೆ ಪಾಪಮ್ಮನ ಕೆಮ್ಮು ಇಳಿದದ್ದಕ್ಕೆ ಸ್ತೋತ್ರ. ಎಮ್ಮೆ ನನ್ನ ಕಣ್ಣು ಬಿಟ್ಟು ವಾಚಿಗೆ ಗುರಿ ಇಟ್ಟದ್ದಕ್ಕೂ ಸ್ತೋತ್ರ. ಸಾರು ಆರಿತು.

"ಒಂದೊಂದೂ ಲಿಸ್ಟ್ ಮಾಡ್ಬೇಕಾ? ದೇವ್ರಿಗೆ ಗೊತ್ತಿರಲ್ವಾ?" ಅಂದೆ.

"ದೇವ್ರಿಗೆ ಗೊತ್ತು ಕಣ್ರೀ. ನಿಮಗೆ ಗೊತ್ತಾಗ್ಲಿ ಅಂತ."

ಮದುವೆಯಾಗಿ ಇಪ್ಪತ್ತಾರು ವರ್ಷ. ಮಕ್ಕಳಿಲ್ಲ. ಹತ್ತು ಜನರ ಮಾತು ಇವಳೊಬ್ಬಳೇ ಆಡುತ್ತಾಳೆ.

14-2, ಶನಿವಾರ

ಅರ್ಧ ದಿನ ರಜೆ. ಪೇಪರ್ ಓದಿದೆ. ಲೀಲಾವತಿ ಹಿಂದೆ ನಿಂತು ಏನೋ ಹೇಳುತ್ತಿದ್ದಳು. ಹೂಂ, ಹೂಂ ಅಂದೆ. ಏನೆಂದು ಈಗ ನೆನಪಿಲ್ಲ.

4-3, ಬುಧವಾರ

ಹದಿನೆಂಟು ದಿನ ಬರೆದಿಲ್ಲ.

ಹದಿನೇಳನೇ ತಾರೀಖು ಬೆಳಿಗ್ಗೆ ಲೀಲಾವತಿ ಅಡುಗೆಮನೆಯಲ್ಲಿ ಕುಸಿದಳು. ಸ್ಟ್ರೋಕ್. ಮೈಸೂರಿನಲ್ಲಿ ಎರಡು ವಾರ. ನಿನ್ನೆ ಮನೆಗೆ ಕರೆತಂದೆ. ಬಲಗೈ ಸೋತಿದೆ. ಕಾಲು ಎಳೆಯುತ್ತಾಳೆ. ನಾವು ಹೇಳುವುದೆಲ್ಲ ಅರ್ಥವಾಗುತ್ತದೆ. ಮಾತು ಮಾತ್ರ ಇಲ್ಲ. ಬಾಯಿ ತೆರೆದರೆ "ತ... ತ..." ಅಷ್ಟೇ. ಆಮೇಲೆ ಕಣ್ಣಲ್ಲಿ ನೀರು.

ತಟ್ಟೆ ಮುಂದೆ ಇಬ್ಬರೂ ಕೂತೆವು. ಪ್ರಾರ್ಥನೆ ಯಾವತ್ತೂ ಅವಳ ಇಲಾಖೆ. ಎಡಗೈಯಿಂದ ನನ್ನ ತೋಳು ತಟ್ಟಿದಳು. ಬೇರೆ ದಾರಿ ಇರಲಿಲ್ಲ.

"ದೇವ್ರೇ, ಅನ್ನಕ್ಕೆ ಸ್ತೋತ್ರ. ಆಮೆನ್."

ಅವಳು ಕಣ್ಣು ತೆರೆಯಲಿಲ್ಲ. ಇನ್ನೂ ಬೇಕು ಅಂತ.

"ಇವಳು... ಮನೆಗೆ ಬಂದಿದ್ದಕ್ಕೆ..." ಅಂದೆ. ಅಷ್ಟಕ್ಕೇ ಎದ್ದು ಅನ್ನ ಬಡಿಸಿದೆ.

10-3, ಮಂಗಳವಾರ

ರಜೆ ಮುಂದುವರಿಸಿದ್ದೇನೆ. ನನಗೆ ಬರುವ ಅಡುಗೆ ಒಂದೇ — ಬದನೆಕಾಯಿ ಗೊಜ್ಜು. ಆರು ದಿನದಿಂದ ಅದೇ.

ಪಾಪಮ್ಮ ಬಂದು ತಲೆ ಬಾಚಿದಳು. "ಅಕ್ಕಾರೇ, ಮಾತು ಓದ್ರೆ ಓಗ್ಲಿ, ನೀವು ಉಳ್ಕಂಡ್ರಲ್ಲ. ಇನ್ಮೇಲೆ ನಾನ್ ಮಾತಾಡ್ತೀನಿ, ನೀವ್ ಕೇಳಿ. ಇಷ್ಟ್ ವರ್ಸ ನಂಗೆ ಚಾನ್ಸೇ ಕೊಟ್ಟಿಲ್ವಲ್ಲ ನೀವು!"

ಲೀಲಾವತಿ ನಕ್ಕಳು. ಅರ್ಧ ಬಾಯಿಯ ನಗು. ಬಂದ ಮೇಲೆ ಮೊದಲನೆಯದು. ಊಟದ ಹೊತ್ತಿಗೆ ಆ ನಗುವಿಗೂ ಸ್ತೋತ್ರ ಹೇಳಿದೆ. ಹೇಳಿದ ಮೇಲೆ ಅದು ಇನ್ನಷ್ಟು ದೊಡ್ಡದು ಅನ್ನಿಸಿತು. ವಿಚಿತ್ರ.

22-3, ಭಾನುವಾರ, ಮಧ್ಯಾಹ್ನ 1

ಚರ್ಚಿನಿಂದ ಬಂದವನೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಆಟೋದಲ್ಲಿ ಚರ್ಚಿಗೆ ಹೋದೆವು. ಕೊನೆಯ ಬೆಂಚು. ಹಾರ್ಮೋನಿಯಂ ಶುರುವಾಯಿತು, ಎಲ್ಲರೂ ಎದ್ದರು. ಅವಳ ಮೊಣಕೈ ಹಿಡಿದು ನಿಲ್ಲಿಸಿದೆ. ಎರಡನೇ ಚರಣ ನನಗೆ ಮರೆತುಹೋಯಿತು, ತಡವರಿಸಿದೆ. ಪಕ್ಕದಲ್ಲಿ ಯಾರೋ ಸ್ಪಷ್ಟವಾಗಿ ಹಾಡುತ್ತಿದ್ದಾರೆ. ತಿರುಗಿ ನೋಡಿದರೆ... ಲೀಲಾವತಿ.

ಒಂದೊಂದು ಪದವೂ. ಕಣ್ಣು ಮುಚ್ಚಿಕೊಂಡು. ಮುಂದಿನ ಬೆಂಚಿನವರು ಒಬ್ಬೊಬ್ಬರಾಗಿ ಹಾಡು ನಿಲ್ಲಿಸಿ ತಿರುಗಿದರು. ಅವಳಿಗೆ ಗೊತ್ತೇ ಆಗಲಿಲ್ಲ. ನಾಲ್ಕು ಚರಣ ಮುಗಿಸಿದಳು.

ಹೊರಗೆ ಬಂದು ಹುಣಸೇಮರದ ಕೆಳಗೆ ಕೇಳಿದೆ — "ಲೀಲಾ, ಏನಾದ್ರೂ ಮಾತಾಡು."

"ತ... ತ..."

ಮತ್ತೆ ಅಷ್ಟೇ. ಅವಳು ಅತ್ತಳು, ನಾನೂ. ಆದರೆ ಒಳಗೆ ಎಲ್ಲೋ ಮಾತು ಇದೆ. ಸತ್ತಿಲ್ಲ.

26-3, ಗುರುವಾರ

ಮೈಸೂರು. ಸ್ಪೀಚ್ ಥೆರಪಿಯ ಮೈತ್ರೇಯಿ, ಚಿಕ್ಕ ವಯಸ್ಸು, ಚುರುಕು. ಚರ್ಚಿನ ವಿಷಯ ಹೇಳಿದೆ. ಆಕೆ ಕುರ್ಚಿ ಮುಂದೆಳೆದುಕೊಂಡಳು. ಮಾತು ಮೆದುಳಿನ ಒಂದು ಕಡೆಯಾದರೆ ಹಾಡಿಗೆ ಇನ್ನೊಂದು ಕಡೆಯೂ ಕೆಲಸ ಮಾಡುತ್ತದಂತೆ. ಹಾಡಿನ ಬೆನ್ನ ಮೇಲೆ ಮಾತನ್ನು ಕೂರಿಸಿ ತರಬೇಕು.

"ಮನೇಲಿ ಎಲ್ಲಾ ಮಾತೂ ರಾಗವಾಗಿ ಹೇಳಿ. ಸರ್, ನೀವೂ ಹಾಡ್ಬೇಕು."

"ನಾನು ದನ ನೋಡೋನಮ್ಮ. ನಂಗೆಲ್ಲಿ ರಾಗ?"

"ದನದ ಹತ್ರ ಹೆಂಗೆ ಮಾತಾಡ್ತೀರೋ ಹಂಗೇ. ಸ್ವಲ್ಪ ಎಳೀರಿ."

2-4, ಗುರುವಾರ, ಸಂಜೆ

ಏಳು ದಿನ ಹಾಡಿದ್ದೇನೆ. ನೀ–ರು ಬೇ–ಕಾ, ಮಾ–ತ್ರೆ ತ–ಗೋ. ನಾಚಿಕೆಗೆ ಕಿಟಕಿ ಮುಚ್ಚಿಕೊಂಡು. ಅವಳು ಎಡಗೈಯಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾಳೆ, ತುಟಿ ಆಡಿಸುತ್ತಾಳೆ. ಸ್ವರ ಬರುತ್ತದೆ, ಪದ ಬರುವುದಿಲ್ಲ.

ಇವತ್ತು ಗೊಜ್ಜು ಬಡಿಸಿದೆ. ತಟ್ಟೆ ನೋಡಿದಳು. ನನ್ನ ಮುಖ ನೋಡಿದಳು. ತಾಳ ಹಾಕಿದಳು. ಭಾನುವಾರದ ಕೀರ್ತನೆಯ ಧಾಟಿಯಲ್ಲೇ —

"ಬದ–ನೆ–ಕಾಯಿ... ಸಾ–ಕು..."

ಸೌಟು ಕೆಳಗೆ ಬಿತ್ತು. "ಇನ್ನೊಂದು ಸಲ ಹೇಳು!" ಅಂದೆ. ಹಾಡುವುದೇ ಮರೆತಿತ್ತು ನನಗೆ.

"ಬದ–ನೆ–ಕಾಯಿ ಸಾ–ಕು... ಸಾಕೂ..."

ಪಾಪಮ್ಮ ಗೋಡೆಯಾಚೆಯಿಂದ ಓಡಿಬಂದಳು. "ಏನಾಯ್ತು ಸಾ? ಅಳ್ತಾ ಇದ್ದೀರಾ, ನಗ್ತಾ ಇದ್ದೀರಾ?" ಲೀಲಾವತಿ ಅವಳಿಗೂ ಹಾಡಿಯೇ ತೋರಿಸಿದಳು. ಪಾಪಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮನೆಯಿಂದ ಅವರೆಕಾಳು ಸಾರು ತಂದು ಸುರಿದಳು.

ಇಷ್ಟು ದಿನ ಬೇಜಾರಿನಿಂದಲೇ ತಿಂದಳೇ, ಪಾಪ. ಕಿಟಕಿ ತೆರೆದೆ.

12-4, ಭಾನುವಾರ

ಈಸ್ಟರ್. ಸೂರ್ಯೋದಯದ ಆರಾಧನೆಗೆ ನಡೆದೇ ಹೋದೆವು. ಇಪ್ಪತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ. ಅವಸರ ಯಾರಿಗೆ? ಕಪಿಲೆಯ ಮೇಲಿಂದ ತಂಪು ಗಾಳಿ. ಮೂವತ್ತು ವರ್ಷದಿಂದ ಈ ಹಬ್ಬಕ್ಕೆ ಹೋಗುತ್ತಿದ್ದೇನೆ, ಹೆಚ್ಚಾಗಿ ತಿಂಡಿಯ ಮೇಲೆ ಗಮನ. ಇವತ್ತು ಯೇಸುವಿನ ಸಮಾಧಿಯ ಕಲ್ಲು ಉರುಳಿತ್ತು ಎಂದು ಸಭಾಪಾಲಕರು ಓದುವಾಗ ಪಕ್ಕದವಳ ಕೈ ಹಿಡಿದುಕೊಂಡೆ. ಜನ ನೋಡಿದರು. ನೋಡಲಿ.

ರಜೆ ಮುಗಿಯಿತು. ಬುಧವಾರ ಡ್ಯೂಟಿ. ಪಾಪಮ್ಮ ಗದ್ದೆ ಕೂಲಿಗೆ ಹೋದರೆ ಇವಳು ಸಂಜೆವರೆಗೆ ಒಂಟಿ. ಏನಾದರೂ ಆದರೆ ಯಾರಿಗೆ, ಹೇಗೆ ಹೇಳುತ್ತಾಳೆ? ನಮ್ಮ ಪಶು ಆಸ್ಪತ್ರೆಯ ನಂಬರನ್ನು ಮನೆಯ ಫೋನಿನ ಪಕ್ಕ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದೇನೆ. ಭಯ ಹೋಗಿಲ್ಲ.

15-4, ಬುಧವಾರ

ಬಸ್ಸಿನಲ್ಲಿ ದಾರಿಯುದ್ದಕ್ಕೂ ಪ್ರಾರ್ಥನೆ. ಒಂದೇ ಮಾತು — ಬೀಳದಿರಲಿ, ಬೀಳದಿರಲಿ.

ಹನ್ನೆರಡೂವರೆಗೆ ಫೋನ್. ಚಿಕ್ಕಮಾದುವಿನ ಹಸುವಿಗೆ ಇಂಜೆಕ್ಷನ್ ಕೊಡುತ್ತಿದ್ದೆ. ಅಟೆಂಡರ್ ಚನ್ನಯ್ಯ ಎತ್ತಿದ. ರಿಸೀವರನ್ನು ಕಿವಿಯಿಂದ ದೂರ ಹಿಡಿದು ಕೂಗಿದ — "ಸಾ, ಯಾರೋ ಎಂಗ್ಸು ಪೋನಲ್ಲಿ ಆಡೇಳ್ತಾವ್ಳೆ! ರಾಂಗ್ ನಂಬರ್ ಇರ್ಬೇಕು, ಮಡಗ್ಬುಡ್ಲಾ?"

"ಲೇ, ಇಡ್ಬೇಡ ಕಣಯ್ಯಾ!"

ಸಿರಿಂಜ್ ಹಿಡಿದೇ ಓಡಿದೆ. ಆ ಕಡೆಯಿಂದ ನಿಧಾನವಾಗಿ, ಅದೇ ಧಾಟಿ — "ನಾ–ನು ಚೆನ್–ನಾಗಿ–ದೀ–ನಿ... ಊಟಾ–ಯ್ತು... ನಿಮ್–ದು?"

ಚನ್ನಯ್ಯ, ಚಿಕ್ಕಮಾದು, ಹಸು, ಮೂರೂ ನನ್ನನ್ನೇ ನೋಡುತ್ತಿವೆ. ಏನು ಮಾಡಲಿ? ಹಾಡಿದೆ. "ಇ–ನ್ನೂ ಇ–ಲ್ಲಾ... ಈ–ಗ ಮಾಡ್–ತೀ–ನಿ..."

ಫೋನ್ ಇಟ್ಟೆ. ಚನ್ನಯ್ಯ ಬಾಯಿ ಬಿಟ್ಟುಕೊಂಡು ನಿಂತಿದ್ದ. ಎಲ್ಲ ಹೇಳಿದೆ.

ಚಿಕ್ಕಮಾದು ಬೀಡಿ ಕೆಳಗೆ ಹಾಕಿದ. "ಎಂಡ್ರು ಕೂಡೆ ಇಂಗೆ ರಾಗ್ದಲ್ಲಿ ಮಾತಾಡುದ್ರೆ ಜಗಳಾನೇ ಆಗಾಕಿಲ್ಲ ಬುಡಿ ಸಾ."

ಔಷಧಿ ಕಪಾಟಿನ ಹಿಂದೆ ಹೋಗಿ ನಿಂತೆ. ಕಣ್ಣು ಮುಚ್ಚಿದೆ. ಸ್ತೋತ್ರ ಅನ್ನುವುದಕ್ಕೂ ಬಾಯಿ ಬರಲಿಲ್ಲ. ದೇವರಿಗೆ ತಿಳಿದಿರಬೇಕು.

20-4, ಸೋಮವಾರ

ಚಿಕ್ಕಮಾದು ಹೇಳಿದ್ದು ಸುಳ್ಳು. ರಾಗದಲ್ಲೂ ಜಗಳ ಬರುತ್ತದೆ. ಒದ್ದೆ ಟವೆಲ್ ಮಂಚದ ಮೇಲೆ ಹಾಕಿದ್ದಕ್ಕೆ ಪೂರ್ತಿ ಒಂದು ಚರಣ ಬೈಗುಳ. ಎಷ್ಟು ಸುಖ.

26-4, ಭಾನುವಾರ, ಬೆಳಿಗ್ಗೆ 6.40

ಚರ್ಚಿಗೆ ಹೊರಡುವ ಮುಂಚೆ ಬರೆದುಬಿಡಬೇಕು.

ಎದ್ದಾಗ ಹಾಸಿಗೆಯಲ್ಲಿ ಅವಳಿರಲಿಲ್ಲ. ಹೊದಿಕೆ ಎಸೆದು ಎದ್ದೆ. ಅಡುಗೆಮನೆಯಲ್ಲಿ ಲೋಟದ ಸದ್ದು. ಬಾಗಿಲಲ್ಲೇ ನಿಂತೆ. ಎಡಗೈಯಲ್ಲೇ ಹಾಲು ಇಳಿಸಿದ್ದಾಳೆ, ಡಿಕಾಕ್ಷನ್ ಬೆರೆಸಿದ್ದಾಳೆ. ಅರ್ಧ ಕಟ್ಟೆಯ ಮೇಲೆ ಚೆಲ್ಲಿದೆ. ಉಳಿದ ಅರ್ಧ ಲೋಟ ತಂದು ನನ್ನ ಕೈಗೆ ಕೊಟ್ಟಳು. ತಾಳ ಹಾಕಲಿಲ್ಲ. ಧಾಟಿ ಹಿಡಿಯಲಿಲ್ಲ. ಸುಮ್ಮನೆ, ಎಲ್ಲರ ಹಾಗೆ —

"ಬಿಸಿ" ಅಂದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ಕುಡಿದುಬಿಟ್ಟೆ. ನಿಜವಾಗಲೂ ಬಿಸಿ. ನಾಲಿಗೆ ಸುಟ್ಟಿದೆ, ಈಗಲೂ ಚುರುಗುಟ್ಟುತ್ತಿದೆ. ಅದಕ್ಕೂ ಸ್ತೋತ್ರ.