ಎಂಟುನೂರ ಹನ್ನೆರಡು ಚಿತ್ರಗಳಲ್ಲಿ ಇಲ್ಲದವಳು

ದಾವಣಗೆರೆ
ಫೆಬ್ರವರಿ ೩೦, ೨೧೭೩

ನನ್ನ ಅಜ್ಜಿಯ ಅಜ್ಜಿಗೆ ತಾಯಿಯಾದ ಸಿಂಚನಜ್ಜಿಯವರಿಗೆ ಕೆಂಚಮ್ಮನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದನ್ನು ವರ್ಷದ ಕೊನೆಗೆ ರಜೆ ಎಂದು ಸೇರಿಸಿದ್ದಾರೆ. ಈ ಕಾಗದ ಸಿಗುವಾಗ ನಿಮಗೆ ಇಪ್ಪತ್ತೊಂದು ವಯಸ್ಸು, ಗೆಳತಿಯೊಬ್ಬಳ ಜೊತೆ ಯುರೋಪು ಸುತ್ತುತ್ತಿರುತ್ತೀರಿ. ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡಿ, ಇನ್ನೇನೆಂದು ಕರೆಯಲಿ? ನನ್ನ ಹೆಸರಿಗೂ ನಗಬೇಡಿ. ನಿಮ್ಮ ಕಾಲದ ಮುದುಕಿಯರ ಹೆಸರುಗಳೇ ಈಗ ಫ್ಯಾಷನ್, ನಮ್ಮ ತರಗತಿಯಲ್ಲಿ ಮೂವರು ಕೆಂಚಮ್ಮಂದಿರಿದ್ದೆವು. ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಿಂದಿನ ಕಾಲಕ್ಕೆ ಕಾಗದ ಮುಟ್ಟಿಸುವ ಈ ವ್ಯವಸ್ಥೆಗೆ ನಾವು ಹಿಂದಂಚೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಉತ್ತರ ಬರುವುದಿಲ್ಲ. ನಾನು ಮೊದಲು ಹೋದ ವರ್ಷದ ನನಗೇ ಬರೆಯಬೇಕೆಂದು ಹೋಗಿದ್ದೆ. ಕಿಟಕಿಯ ಹಿಂದಿನ ಅಂಚೆಯಣ್ಣ ವಿಳಾಸ ನೋಡಿ, ನಾಲ್ಕು ತಲೆಮಾರಿನ ಈಚೆಗೆ ಕಾಗದ ಹೋಗಲ್ಲ ಕಣಮ್ಮ, ಎಲ್ಲರೂ ಮೊದಲು ಇದನ್ನೇ ಕೇಳ್ತಾರೆ ಎಂದರು. ಸರಿ ಎಂದು ಮನೆಗೆ ಬಂದೆ. ಅನ್ನಕ್ಕಿಟ್ಟೆ.

ನಮ್ಮ ಕಾಲೇಜಿನ ಪದ್ಧತಿಯನ್ನು ಮೊದಲು ಹೇಳಬೇಕು. ಈಗ ಚಿತ್ರಗಳನ್ನು ಯಾರೂ ನಂಬುವುದಿಲ್ಲ, ಮನೆಯಲ್ಲಿ ಕೂತೇ ಯಾವ ಊರಿನಲ್ಲಿ ಬೇಕಾದರೂ ನಿಂತಂತೆ ಮಾಡಿಕೊಳ್ಳಬಹುದು. ಹಾಗಾಗಿ ದೇಶ ನೋಡಲು ಹೋಗುವ ವಿದ್ಯಾರ್ಥಿಗಳನ್ನು ಜೋಡಿಯಾಗಿ ಕಳಿಸುತ್ತಾರೆ. ಒಬ್ಬಳು ಕಣ್ಣಾಳು, ಒಬ್ಬಳು ಕೈಯಾಳು. ಕಣ್ಣಾಳು ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಹೋಗಬೇಕು, ಕೈಯಾಳು ತಲೆ ಎತ್ತದೆ ಬರೆಯಬೇಕು. ಕಣ್ಣಾಳಿನ ಹಸಿವು, ನಿದ್ದೆ, ತಮಾಷೆ, ಮೈನೋವು ಬರೆಯುವ ಹಾಗಿಲ್ಲ. ಊರು ಮಾತ್ರ ಬರೆಯಬೇಕು, ಅದೂ ಪುಸ್ತಕದ ಭಾಷೆಯಲ್ಲಿ. ನಾನು ಕೈಯಾಳು. ಅಕ್ಷರ ದುಂಡಗಿತ್ತು, ಹೇಳಿದ್ದನ್ನು ಕೇಳುವ ಹುಡುಗಿ ಎಂದು ಹೆಸರಿತ್ತು. ಗದಗಿನ ನಿಂಗವ್ವ ಕಣ್ಣಾಳು. ಅವಳ ಬಾಯಿಗೆ ಬೀಗವೇ ಇರಲಿಲ್ಲ, ಅದಕ್ಕೇ ಆರಿಸಿದ್ದರು.

ಕಾರವಾರದಿಂದ ಗಾಳಿಹಡಗಿನಲ್ಲಿ, ಅಂದರೆ ಎಣ್ಣೆ ಬೇಡದ ಹಾಯಿಹಡಗಿನಲ್ಲಿ, ಇಪ್ಪತ್ತಾರು ದಿನ ಹೋದೆವು. ನಿಂಗಿ ಶೇಂಗಾ ಚಟ್ನಿ ಪುಡಿಯ ಡಬ್ಬಿ ತಂದಿದ್ದಳು. ಲಿಸ್ಬನ್ ತಲುಪುವಷ್ಟರಲ್ಲಿ ಹಡಗಿನ ಅಡುಗೆಯವನೂ ಅದನ್ನು ಕೇಳಿ ತಿನ್ನುತ್ತಿದ್ದ. ಲಿಸ್ಬನ್ನಿನ ಏರು ಬೀದಿಯಲ್ಲಿ ನಿಂತು, ಏ ಕೆಂಚಿ, ಗ್ವಾಡಿಗೆಲ್ಲಾ ಇಳಕಲ್ ಸೀರಿ ಉಡಿಸ್ಯಾರ ನೋಡ ಎಂದಳು. ಗೋಡೆಗಳಿಗೆ ಬಣ್ಣದ ಹೆಂಚುಗಳನ್ನು ಅಂಟಿಸಲಾಗಿದೆ ಎಂದು ನಾನು ಬರೆದೆ. ಲಿಯೋನಿನಲ್ಲಿ ಎರಡು ನದಿ ಸೇರುವ ಜಾಗದಲ್ಲಿ, ಒಂದು ದಡದಡ ಬರಾಕತ್ತೇತಿ, ಇನ್ನೊಂದು ಅತ್ತೀ ಮನಿಗೆ ಹೊಂಟಂಗ ಬರಾಕತ್ತೇತಿ ಎಂದಳು. ಒಂದು ನದಿ ಮಂದಗತಿಯದು ಎಂದು ಬರೆದೆ. ಪ್ರಾಗಿನ ಹಳೆಯ ಗಡಿಯಾರದ ಕೆಳಗೆ, ಇಷ್ಟ್ ಮಂದಿ ಬಾಯಿ ತಕ್ಕೊಂಡು ನಿಂತಾರ, ಟೈಮ್ ಎಷ್ಟಾತು ಅಂದ್ರ ಒಬ್ಬರಿಗೂ ಗೊತ್ತಿಲ್ಲ ಎಂದು ತಾನೇ ನಕ್ಕಳು. ಗಡಿಯಾರದ ಮುಂದೆ ಸುಮಾರು ಇನ್ನೂರು ಜನರಿದ್ದರು ಎಂದು ಬರೆದೆ. ಅವಳು ನಗುವಾಗ ಮುಖ ಹೇಗಿತ್ತೋ ನಾನು ನೋಡಲಿಲ್ಲ, ಸಾಲು ಮುಗಿಸುವುದಿತ್ತು.

ಕೊನೆಯ ಊರು ಟ್ರಿಯೆಸ್ಟ್. ಸಮುದ್ರದ ಎದುರಿನ ಚೌಕದಲ್ಲಿ ಕಲ್ಲಿನ ಮೇಲೆ ಕೂತಿದ್ದೆವು. ಸುಡುಬಿಸಿಲು. ಹಾಳೆಯ ಮೇಲಿನ ಬೆಳಕಿಗೆ ನನಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ನಿಂಗಿ ಅವತ್ತು ನಿಧಾನವಾಗಿ ಹೇಳುತ್ತಿದ್ದಳು. ಸಮುದ್ರ ಐತಿ, ಹಡಗ ಅದಾವು, ಯಾಕೋ ಕಣ್ಣು ಮಂಜ ಮಂಜ ಆಗ್ಯಾವ ಕೆಂಚಿ ಎಂದಳು. ಮೈಯ ಸಂಗತಿ ಬರೆಯುವ ಹಾಗಿಲ್ಲವಲ್ಲ. ಸಮುದ್ರದ ಮೇಲೆ ಮಂಜು ಎಂದು ಬರೆದೆ. ಆ ಬಿಸಿಲಿನಲ್ಲಿ ಕೂತು ಮಂಜು ಎಂದು ಬರೆದೆ, ತಲೆ ಎತ್ತಲಿಲ್ಲ. ಇನ್ನೂ ಒಂದು ಗಂಟೆ ಅವಳು ಹೇಳಿದಳು, ನಾನು ಬರೆದೆ. ದನಿ ನಿಂತ ಮೇಲೆ ತಲೆ ಎತ್ತಿದೆ. ಒರಗಿಬಿಟ್ಟಿದ್ದಳು, ಮೈ ಕೆಂಡವಾಗಿತ್ತು. ಮಿದುಳಿಗೆ ಏರಿದ ಜ್ವರ, ಒಂದು ಗಂಟೆ ಮೊದಲು ತಂದಿದ್ದರೆ ಎಂದು ವೈದ್ಯೆ ಶುರುಮಾಡಿ, ನನ್ನ ಮುಖ ನೋಡಿ ನಿಂಗಿಯ ಹಾಸಿಗೆಯ ಕಡೆ ತಿರುಗಿದರು. ಮೂರನೇ ದಿನ ನಿಂಗಿ ಹೋದಳು.

ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ದವಡೆ ಮರಗಟ್ಟಿರುತ್ತದಲ್ಲ, ಒಳಗೆಲ್ಲ ಹಾಗಿದೆ. ಕಾಲೇಜಿನವರು ನನ್ನ ನಾನೂರು ಪುಟಕ್ಕೆ ಮೊದಲ ಬಹುಮಾನ ಕೊಟ್ಟರು. ಹೋಗಿ ತೆಗೆದುಕೊಂಡೆ.

ಆಮೇಲೆ ಗದಗಿಗೆ ಹೋಗಿ ನಿಂಗಿಯ ಅವ್ವ ಶಾಂತವೀರವ್ವನವರಿಗೆ ಪುಸ್ತಕ ಕೊಟ್ಟೆ. ಮಗಳ ಕೊನೆಯ ಎರಡು ತಿಂಗಳಿನ ಮಾತೆಲ್ಲ ಇದರಲ್ಲಿದೆ ಎಂದೆ. ಅವರು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಎರಡು ದಿನ ಓದಿದರು. ನಡುನಡುವೆ ಎದ್ದು ನನಗೆ ರೊಟ್ಟಿ ಬಡಿದು ಹಾಕಿದರು. ಮೂರನೇ ದಿನ ಪುಸ್ತಕ ನನ್ನ ಕೈಗೆ ಕೊಟ್ಟು, ಇದರಾಗ ನನ್ನ ಮಗಳು ಇಲ್ಲವ್ವಾ ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆಗ ನನಗೆ ನೆನಪಿದ್ದ ಆ ನಾಲ್ಕು ಮಾತುಗಳನ್ನು ಹೇಳಿದೆ, ಸೀರೆಯದು, ನದಿಯದು, ಗಡಿಯಾರದ್ದು, ಮಂಜಿನದು. ಮತ್ತ? ಎಂದು ಕೇಳಿದರು. ಮತ್ತೊಂದು ನೆನಪಾಗಲಿಲ್ಲ. ದಿನಕ್ಕೆ ಹತ್ತು ಗಂಟೆ ಮಾತಾಡಿದ ಹುಡುಗಿ, ನನ್ನಲ್ಲಿ ಉಳಿದದ್ದು ಇಷ್ಟೇ.

ಈಗ ನಿಮ್ಮ ವಿಷಯ. ನಿಮ್ಮ ಆ ಪ್ರವಾಸದ ಎಂಟುನೂರ ಹನ್ನೆರಡು ಚಿತ್ರಗಳು ನಮ್ಮ ಮನೆಯ ಪೆಟ್ಟಿಗೆಯಲ್ಲಿವೆ. ಎಲ್ಲದರಲ್ಲೂ ನೀವೇ. ಸೇತುವೆಯ ಮುಂದೆ ನೀವು, ಚರ್ಚಿನ ಮುಂದೆ ನೀವು, ಐಸ್‌ಕ್ರೀಮ್ ಹಿಡಿದು ನೀವು. ಚೆನ್ನಾಗಿ ಬಂದಿದ್ದೀರಿ, ಇಲ್ಲವೆನ್ನುವುದಿಲ್ಲ. ಆದರೆ ತೆಗೆದವಳು ಯಾರು? ಒಂದರ ಮೂಲೆಯಲ್ಲಿ ಅವಳ ಹೆಬ್ಬೆರಳಿದೆ, ಉಗುರಿಗೆ ಹಸಿರು ಬಣ್ಣ. ಇನ್ನೊಂದರಲ್ಲಿ ನಿಮ್ಮ ಕಾಲ ಬಳಿ ಅವಳ ನೆರಳು. ಅಷ್ಟೇ. ನಮ್ಮ ಮನೆಯಲ್ಲಿ ಅವಳ ಹೆಸರೂ ಯಾರಿಗೂ ಗೊತ್ತಿಲ್ಲ.

ಆದ್ದರಿಂದ ಅಜ್ಜಿ, ಈ ಕಾಗದ ಮಡಚಿಡುವ ಮೊದಲು ಫೋನ್ ಅವಳ ಕೈಯಿಂದ ಇಸಿದುಕೊಳ್ಳಿ. ಕೂದಲು ಸರಿಯಿಲ್ಲ, ಬೇಡ ಕಣೇ ಎನ್ನುತ್ತಾಳೆ. ಕೇಳಬೇಡಿ. ಒಂದೇ ಒಂದು ತೆಗೆಯಿರಿ. ಅದನ್ನು ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಅವಳ ಹೆಸರನ್ನು, ಅವಳು ಆಗ ಬೈದ ಬೈಗುಳವನ್ನು ಇದ್ದ ಹಾಗೇ ಬರೆಯಿರಿ, ತಿದ್ದಬೇಡಿ.

ಈ ಕಾಗದ ಹಾಕಿ ಬಂದು ಪೆಟ್ಟಿಗೆ ತೆಗೆದು ಚಿತ್ರಗಳನ್ನು ಎಣಿಸುತ್ತೇನೆ. ಹಿಂದಂಚೆಯಿಂದ ಏನಾದರೂ ಬದಲಾದದ್ದು ಇದೆಯೇ ಎಂದು ಅಂಚೆಯಣ್ಣನನ್ನು ಕೇಳಿದ್ದಕ್ಕೆ, ಯಾರಿಗೆ ಗೊತ್ತಮ್ಮ, ಹಾಕಿ ನೋಡಿ ಎಂದರು. ಎಣಿಸಲು ಶಾಂತವೀರವ್ವನವರನ್ನೂ ಕರೆದಿದ್ದೇನೆ. ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ. ಬೆಳಗಿನ ಗಾಡಿಗೇ ಬಂದು ಈಗ ನನ್ನ ಎದುರಿಗೆ ಕೂತಿದ್ದಾರೆ, ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ. ಸಿಂಚನಜ್ಜಿಗೆ ಏನಾದರೂ ಹೇಳಬೇಕೇ ಎಂದು ಅವರನ್ನು ಈಗಷ್ಟೇ ಕೇಳಿದೆ. ಯಾರ ಮಗಳೋ ಏನೋ ಪಾಪ, ಆಕಿಯಾದ್ರೂ ಸಿಗಲಿ ಅಂತ ಬರಿ ಎಂದರು.