ಸೇಬಿನ ಮರದಲ್ಲಿ ಹಾಡಿದವನು

ಮಿಲ್ ಕ್ರೀಕ್, ಒಹಾಯೊ
ಸೆಪ್ಟೆಂಬರ್ ೯, ಭಾನುವಾರ

ಪ್ರೀತಿಯ ತಮ್ಮಾ ಹಾರ್ಲನ್,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೆ? ನಿಮ್ಮ ಅದಿರಿನ ಹಡಗಿನ ಅಡುಗೆಯವನು ಈಗಲೂ ಎಲ್ಲದಕ್ಕೂ ಕಾಳುಮೆಣಸು ಸುರಿಯುತ್ತಾನೆಯೆ? ಸರೋವರದ ಮೇಲೆ ಗಾಳಿ ಏಳುವ ಕಾಲ, ಉಣ್ಣೆ ಟೋಪಿ ಮರೆಯಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಜಗಳವಾದಾಗಿನಿಂದ ನೀನು ಫೋನ್ ಮಾಡಿಲ್ಲ. ಚಳಿಗಾಲಕ್ಕೆ ಹಡಗು ದಡ ಸೇರಿದರೂ ಮನೆಗೆ ಬರುವುದಿಲ್ಲ ಎಂದೆಯಲ್ಲ, ಅದನ್ನೇ ದಿನವೂ ನೆನೆಯುತ್ತೇನೆ. ನಿನ್ನ ಭಾವ ಹೋದ ಮೇಲೆ ನನಗೆ ಮಾತಿಗೆ ಅಂತ ಇರುವವನು ನೀನೊಬ್ಬನೇ.

ಅವತ್ತು ನೀನು ಎಂದಿನಂತೆ "ಫೋನನ್ನ ಕಿಟಕಿಗೆ ಹಿಡಿಯೇ ಅಕ್ಕಾ, ಯಾವ ಜೀರುಂಡೆ ಹಾಡ್ತಿದೆ ನೋಡೋಣ" ಎಂದೆ. ಹಿಮದ ಜೀರುಂಡೆ ಎಂದು ನಾನು ಹೇಳಿದೆ. "ಅದು ಬಿಟ್ಟು ಬಿಟ್ಟು ಕೂಗತ್ತೆ, ಇದು ಒಂದೇ ಸಮನೆ ಎಳೀತಿದೆ! ನಾನಂದ್ರೆ ನಿಂಗೆ ಅಷ್ಟು ಸದರ ಆಗೋದ್ನಾ, ಬಾಯಿಗೆ ಬಂದಿದ್ದು ಹೇಳಿ ಸಾಗಹಾಕ್ತೀಯಲ್ಲ" ಎಂದು ನೀನು ರೇಗಿದೆ. ನಾನೂ ಹಟಕ್ಕೆ ಬಿದ್ದು ವಾದಿಸಿದೆ.

ನಿನ್ನೆ ನೋಡಿಯೇ ಬಿಡೋಣ ಎಂದು ಬಿಳಿ ಕೊಡೆಯನ್ನು ತಲೆಕೆಳಗಾಗಿ ಹಿಡಿದು ಕಿಟಕಿಯಾಚೆಯ ಸೇಬಿನ ಕೊಂಬೆ ಬಡಿದೆ. ಕೊಡೆಯೊಳಗೆ ಬಿದ್ದ ಜೀರುಂಡೆಯನ್ನು ಸೀಸೆಗೆ ಹಾಕಿ, ಅಪ್ಪ ಮಾಡುತ್ತಿದ್ದಂತೆ, ಓಡಾಡದಿರಲಿ ಎಂದು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟೆ. ಹಾಲು ಕೇಳಲು ಬಂದ ಪಕ್ಕದ ಮನೆಯ ಡೋರೀನ್, ಬೆಣ್ಣೆಯ ಪಕ್ಕ ಕೂತಿದ್ದ ಅವನನ್ನು ಕಂಡು "ಅಯ್ಯೋ ವರ್ನಾ, ಊಟಕ್ಕೆ ಕರೆಯೋಕೆ ನಿಂಗೆ ಇನ್ಯಾರೂ ಸಿಗಲಿಲ್ವಾ?" ಎಂದಳು. ಇಬ್ಬರೂ ನಕ್ಕೆವು. ಅವಳು ಹೋದ ಮೇಲೆ ಅಳು ಬಂತು. ಆಮೇಲೆ ಭೂತಗನ್ನಡಿ ಹಿಡಿದು ಮೀಸೆಯ ಬುಡ ನೋಡಿದೆ. ಹಿಮದ ಜೀರುಂಡೆಯಾದರೆ ಮೊದಲ ಎರಡು ಗೆಣ್ಣಿಗೂ ಒಂದೊಂದು ಕಪ್ಪು ಚುಕ್ಕೆ ಇರಬೇಕಲ್ಲ. ಇವನ ಮೊದಲ ಗೆಣ್ಣಿನ ಮೇಲೆ ಮೀನಿನ ಗಾಳದಂತೆ ಬಾಗಿದ ಗೆರೆ, ನೆತ್ತಿಯಲ್ಲಿ ಕಿತ್ತಳೆ ಬಣ್ಣ, ರೆಕ್ಕೆಯೂ ಸಣಕಲು. ಒಂದೇ ಸಮನೆ ಹಾಡು ಎಳೆಯುವ ಸಣಕಲು ರೆಕ್ಕೆಯ ಜಾತಿಯವನೇ. ನೀನು ಹೇಳಿದ್ದೇ ಸರಿ, ನಾನು ಸೋತೆ. ಅವನನ್ನು ಮತ್ತೆ ಮರಕ್ಕೆ ಬಿಟ್ಟೆ.

ಜೊತೆಯವರಿಗೆಲ್ಲ ನನ್ನ ನೆನಪು ಹೇಳು. ದೇವರು ನಿನ್ನನ್ನೂ ಆ ಹಡಗನ್ನೂ ಕಾಯಲಿ.

ನಿನ್ನ ಅಕ್ಕ,
ವರ್ನಾ

ತಾ.ಕ.: ಲಕೋಟೆ ಅಂಟಿಸಲು ಹೊರಟವಳು ಮತ್ತೆ ಕೂತೆ. ನಾನು ನಿನ್ನನ್ನು ಸಾಗಹಾಕಲಿಲ್ಲ ಹಾರ್ಲನ್. ಕಿವಿ ಮಂದವಾಗುತ್ತಿದೆ, ಜೀರುಂಡೆಗಳ ಹಾಡು ನನಗೀಗ ಕೇಳಿಸುವುದೇ ಇಲ್ಲ. ಅವತ್ತು ಕೊಂಬೆಯ ಮೇಲೆ ಜೀರುಂಡೆ ಹಾಡಲು ರೆಕ್ಕೆ ಎತ್ತಿ ನಿಂತದ್ದು ಕಂಡಿತು, ಅಂದಾಜಿನ ಮೇಲೆ ಹೆಸರು ಹೇಳಿದೆ. ವಿಷಯ ಗೊತ್ತಾದರೆ ಫೋನ್ ಮಾಡುವುದನ್ನೇ ಬಿಡುತ್ತೀಯೇನೋ ಎಂದು ಹೆದರಿದ್ದೆ. ನಿನ್ನ ದನಿ ಇನ್ನೂ ಕೇಳಿಸುತ್ತದೆ. ಅದೂ ಹೋಗುವ ಮೊದಲು ಮನೆಗೆ ಬಾ.