ಕಲ್ಲು ಹೊತ್ತ ತೆಪ್ಪಸಭೆಯ ಅರಿಕೆ

ಏರುಕಡಲ ಶಕೆ ೨೧೪, ಮೂರನೆಯ ಮುಂಗಾರಿನ ನಲವತ್ತೊಂದನೆಯ ದಿನ

ಒಣನೆಲದ ಮೇಲೆ ಕ್ರಿಸ್ತನ ದೇವಾಲಯ ಕಟ್ಟಿಕೊಂಡಿರುವ ಕರಾವಳಿಯ ಪೂರ್ವಿಕರ ಸನ್ನಿಧಾನಕ್ಕೆ, ಬೇಥಾನ್ಯ ತೆಪ್ಪಸಭೆಯ ಹಿರಿಯನಾದ ಸಿಲ್ವಾನ ಕರ್ಕಡನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಮೇಲ್ಕಂಡ ದಿನಾಂಕವು ನಿಮ್ಮ ಪಂಚಾಂಗದಲ್ಲಿ ಸಿಗದು. ನನ್ನ ಮಾತುಗಳೂ ವಿಚಿತ್ರವೆನಿಸಿದಲ್ಲಿ ಮನ್ನಿಸಬೇಕು. ನಿಮ್ಮ ಕಾಲದ ಬರಹಗಳಲ್ಲಿ ಕಡಲು ನಮಗೆ ಉಳಿಸಿದ್ದು ಕಚೇರಿಗೆ ಬರೆದ ಅರ್ಜಿಗಳ ಒಂದು ಕಟ್ಟು ಮಾತ್ರ. ಅದನ್ನು ನಕಲು ಮಾಡಿ ಮಾಡಿಯೇ ನಾನು ಗೌರವದ ಕನ್ನಡ ಕಲಿತೆ. ಇಡೀ ಕೊಲ್ಲಿಯಲ್ಲಿ ಹೀಗೆ ಬರೆಯಬಲ್ಲವನು ನಾನೊಬ್ಬನೇ ಎಂಬುದನ್ನೂ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ನಾವು ನೀರಿನ ಮೇಲೆಯೇ ಹುಟ್ಟಿ ಬೆಳೆದವರು. ಬಿದಿರು ಮತ್ತು ಹಳೆಯ ಪೀಪಾಯಿಗಳನ್ನು ಬಿಗಿದು ಮಾಡಿದ ತೆಪ್ಪಗಳೇ ನಮ್ಮ ಕೇರಿ, ಅಂಗಳ, ಶಾಲೆ. ಕುಡಿಯಲು ಚಾವಣಿಯಿಂದ ಹಿಡಿದ ಮಳೆನೀರು, ಉಣ್ಣಲು ಮೀನು ಮತ್ತು ಒಣಗಿಸಿದ ಕಡಲಸೊಪ್ಪು. ಪ್ರತಿ ತೆಪ್ಪದ ಪಕ್ಕೆಗೆ ಕೆಂಪು ಬಣ್ಣದ ‘ಮುಳುಗುಗೆರೆ’ ಎಳೆದಿರುತ್ತದೆ. ನೀರು ಅದನ್ನು ಮುಟ್ಟಿದರೆ ಯಾರಾದರೂ ಇಳಿಯಲೇಬೇಕು. ನಮ್ಮ ಸಭೆಯ ತೆಪ್ಪದ ನಡುವೆ ಮಾತ್ರ ಬೇರೆಲ್ಲೂ ಇಲ್ಲದ ವಸ್ತುವೊಂದಿದೆ. ಕಡಲು ಏರಿದಾಗ ನಮ್ಮ ಹಿರಿಯರು ನಿಮ್ಮ ದೇವಾಲಯದ ಅಸ್ತಿವಾರದ ಕರಿಕಲ್ಲನ್ನು ಅಗೆದು ತೆಗೆದು ಜೊತೆಗೆ ತಂದರು. ದೀಕ್ಷಾಸ್ನಾನವಾದ ಕೂಡಲೇ ಮಗುವಿನ ಹಣೆಯನ್ನು ಆ ಕಲ್ಲಿಗೆ ಮುಟ್ಟಿಸುವುದು ನಮ್ಮ ಪದ್ಧತಿ.

ಆ ಕಲ್ಲು ಮೂವತ್ತು ಜನರಷ್ಟು ಭಾರ. ಆದಕಾರಣ ಸಭೆಯವರೆಲ್ಲ ಒಟ್ಟಿಗೆ ಹತ್ತಿದರೆ ಮುಳುಗುಗೆರೆ ದಾಟುತ್ತದೆ. ಅದಕ್ಕಾಗಿ ನಾವು ‘ಸರದಿ ಆರಾಧನೆ’ ನಡೆಸುತ್ತೇವೆ: ಒಂದು ಭಾನುವಾರ ಅರ್ಧ ಕುಟುಂಬಗಳು, ಮುಂದಿನ ಭಾನುವಾರ ಉಳಿದರ್ಧ. ಸರದಿಯಿಲ್ಲದವರು ಮನೆಯಲ್ಲೇ ಪ್ರಾರ್ಥಿಸುವರೆಂದು ನಾನು ನಂಬಿದ್ದೆ. ಅವರು ಸಲೋಮಿಯ ತೆಪ್ಪಕ್ಕೆ ಹೋದರು. ಹೋದವರಲ್ಲಿ ಬಹುಮಂದಿ ಮರಳಲಿಲ್ಲ.

ಈ ಸಲೋಮಿ ಯಾರೆಂದರೆ, ನಾನೇ ವೇದಪಾಠ ಕಲಿಸಿದ ಹುಡುಗಿ. ಅವಳ ಸಭೆಗೆ ಕಲ್ಲಿಲ್ಲ, ಪೀಠವಿಲ್ಲ, ಹರಿದ ಹಾಯಿಯ ಚಾವಣಿಯೊಂದಿದೆ. ನಾನು ಹೇಳಿಕೊಟ್ಟ ವಾಕ್ಯಗಳನ್ನೇ ಅವಳು ಹೇಳುತ್ತಾಳೆ, ಜನ ಕಣ್ಣೊರೆಸಿಕೊಳ್ಳುತ್ತಾರೆ. ನಾನು ಹೇಳಿದಾಗ ಆಕಳಿಸುತ್ತಿದ್ದರು. ಭಾನುವಾರ ಅವಳ ತೆಪ್ಪದತ್ತ ಸಾಲಾಗಿ ಹೋಗುವ ದೋಣಿಗಳನ್ನು ನೋಡಿ ನನ್ನ ಹೊಟ್ಟೆ ಉರಿದಿದೆ, ಈಗಲೂ ಉರಿಯುತ್ತಿದೆ. ಒಮ್ಮೆ ಅವಳು ದೋಣಿಯಲ್ಲಿ ಹಾದುಹೋಗುತ್ತ, “ಕಲ್ಲಿಗೆ ಈಜಲಿಕ್ಕೆ ಕಲಿಸಿದಿರಾ ಹಿರಿಯರೇ? ಬೇಗ ಕಲಿಸಿ ಮಾರಾಯ್ರೇ, ಮಳೆ ಬಂತು!” ಎಂದು ನಕ್ಕಳು. ನನ್ನ ಸಭೆಯವರೂ ನಕ್ಕರು.

ಈಗ ನನ್ನ ಮಗಳು ಪ್ರಿಸ್ಕಳ ಕೂಸಿಗೆ ದೀಕ್ಷಾಸ್ನಾನವಾಗಬೇಕಾಗಿದೆ. “ಸಭೆಯೆಲ್ಲ ಒಟ್ಟಿಗೆ ನಿಲ್ಲಬೇಕು ಅಪ್ಪ. ಅರ್ಧ ಜನರ ಎದುರು ನನ್ನ ಮಗುವಿಗೆ ಬೇಡ. ಇಲ್ಲಿ ಆಗುದಿಲ್ಲ ಅಂತಾದ್ರೆ ಸಲೋಮಿಯಕ್ಕನ ತೆಪ್ಪ ಉಂಟು” ಎಂದಳು.

“ಅಲ್ಲಿ ಅಸ್ತಿವಾರವೇ ಇಲ್ಲ!” ಎಂದೆ.

“ಯೇಸುಸ್ವಾಮಿ ಅಲ್ಲಿ ಇಲ್ವಾ ಅಪ್ಪ? ಇಲ್ಲ ಅಂತ ಒಂದು ಸಲ ಬಾಯಿಬಿಟ್ಟು ಹೇಳಿ. ನಾನು ಹೋಗುದಿಲ್ಲ.”

ಸಭೆಗೆ ಕ್ರಿಸ್ತನೇ ಅಸ್ತಿವಾರ, ಆತನ ಮೇಲಣ ನಂಬಿಕೆಯ ಹೊರತು ಬೇರೆ ಬುನಾದಿಯಿಲ್ಲ ಎಂದು ಆ ಕಲ್ಲಿನ ಪಕ್ಕದಲ್ಲೇ ನಿಂತು ಜೀವಮಾನವಿಡೀ ಬೋಧಿಸಿದವನು ನಾನು. ಅದೇ ಮಾತನ್ನು ಮಗಳು ನಂಬಿಬಿಟ್ಟಿದ್ದಾಳೆ. ಸಲೋಮಿಯೂ ನಂಬಿದ್ದಾಳೆ. ಕಲಿಸಿದವನಿಗೇ ಅದು ಅಷ್ಟು ಸುಲಭವಾಗಿ ಒಲಿಯಲಿಲ್ಲವಲ್ಲ ಎಂಬ ಮತ್ಸರವನ್ನು ಯಾವ ಅರ್ಜಿಯ ಭಾಷೆಯಲ್ಲಿ ಬರೆಯಬೇಕೋ ತಿಳಿಯದು.

ಆದುದರಿಂದ ಸಭೆಯೆಲ್ಲ ಒಟ್ಟಿಗೆ ನಿಲ್ಲುವಂತಾಗಲೆಂದು ಕಲ್ಲನ್ನು ಕಡಲಿಗೆ ಇಳಿಸಲು ಒಪ್ಪಿದ್ದೇನೆ. ಅಸ್ತಿವಾರಕ್ಕೆ ಇಟ್ಟವರ, ಎಂದರೆ ತಮ್ಮ, ಅಪ್ಪಣೆಯಿಲ್ಲದೆ ಅದನ್ನು ಕದಲಿಸಬಾರದೆಂಬುದು ಸಭೆಯ ನಿಯಮ. ತಾವು ದಯಮಾಡಿ ಅಪ್ಪಣೆ ಕೊಡಬೇಕು. ಭಾನುವಾರದೊಳಗೆ ತಮ್ಮ ಉತ್ತರ ಬಾರದಿದ್ದಲ್ಲಿ ಅದನ್ನೇ ಸಮ್ಮತಿಯೆಂದು ಭಾವಿಸಲಾಗುವುದು.

ನಿಮ್ಮ ಕಲ್ಲಿನ ಮೇಲೆ ನನಗೆ ಮುನಿಸಿಲ್ಲ. ನಿಮ್ಮ ಮೇಲೆ ಇದೆ. ನೂರಾರು ಮಂದಿ ಒಂದೇ ಸೂರಿನಡಿ ನಿಂತು ಕ್ರಿಸ್ತನನ್ನು ಹಾಡಿದರೆ ಆ ದನಿ ಹೇಗಿರುತ್ತದೆಂದು ನೀವು ಬಲ್ಲಿರಿ. ನಾನು ಹಣ್ಣುಹಣ್ಣಾಗಿದ್ದೇನೆ, ಅರ್ಧ ಸಭೆಯ ಹಾಡನ್ನಷ್ಟೇ ಕೇಳಿದ್ದೇನೆ. ನಿಮ್ಮಲ್ಲಿ ಕೆಲವರು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುವಿರೆಂದು ನಮ್ಮ ಹಿರಿಯರಿಂದ ಕೇಳಿ ಬಲ್ಲೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಭಾನುವಾರ ಎದ್ದು ನಿಂತು ಹಾಡಿ. ನಾನೂ ಅಂದು ಮೊದಲ ಸಲ, ಎಲ್ಲರ ನಡುವೆ, ಬರಿಯ ಹಲಗೆಯ ಮೇಲೆ ನಿಂತಿರುತ್ತೇನೆ.

ಇಂತು ತಮ್ಮ ವಿಧೇಯ,
ಸಿಲ್ವಾನ ಕರ್ಕಡ